ಇನ್ನೊಂದು ಪ್ಲೇಟ್ ಕೊಡದ ಹೋಟೆಲಿನವರು

ಅವರ ಬಲಗೈಯಲ್ಲಿ ಮೊಣಕೈಯಿಂದ ಕೆಳಗೆ ಒಂದು ಕೂದಲೂ ಇರಲಿಲ್ಲ. ಬಾಣಲೆಯ ಕಾವು, ಸಿಡಿದ ಎಣ್ಣೆ ಸೇರಿ ಅದನ್ನು ನುಣ್ಣಗೆ ಮಾಡಿದ್ದವು. ಅಲ್ಲಲ್ಲಿ ಹುಣಸೆಬೀಜದ ಬಣ್ಣದ ಕಲೆಗಳು. ಆ ಕೈ ಗೋಳಿಬಜೆಯ ಹಿಟ್ಟನ್ನು ಎಣ್ಣೆಗೆ ಬಿಡುವುದನ್ನು ನೋಡಿದವರು ಹಸಿವಿಲ್ಲದಿದ್ದರೂ ಬಂದು ಕೂರುತ್ತಿದ್ದರು. ನಾನಂತೂ ಕೂತೇ ಕೂರುತ್ತಿದ್ದೆ. ಹೊಸನಗರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ನಾನು ರಿಪ್ಪನ್‌ಪೇಟೆಯಿಂದ ಓಡಾಡುತ್ತಿದ್ದೆ. ಬೆಳಿಗ್ಗೆ ಬಸ್ಸಿಗೆ ಕಾಯುವ ನೆಪದಲ್ಲಿ ಬನ್ಸ್, ಸಂಜೆ ಇಳಿದ ಮೇಲೆ ಗೋಳಿಬಜೆ. ನಿವೃತ್ತಿಯಾದ ಮೇಲೆ ಬಸ್ ತಪ್ಪಿತು, ಹೋಟೆಲು ತಪ್ಪಲಿಲ್ಲ.

ಖಾಲಿ ತಟ್ಟೆ ಕಂಡರೆ ಹೋಟೆಲಿನವರಿಗೆ ಆಗುತ್ತಿರಲಿಲ್ಲ. ಕೇಳದೆಯೇ ಇನ್ನೊಂದು ಹಾಕಿ, "ಬಿಸಿ ಇದೆ, ತಿನ್ನಿ ಸಾರ್" ಎಂದು ಮುಂದೆ ಹೋಗುತ್ತಿದ್ದರು. ತಾವು ಮಾತ್ರ ಕರಿದದ್ದನ್ನು ಮುಟ್ಟಿದವರಲ್ಲ. ಬೆಳಗಿನ ಗದ್ದಲ ಮುಗಿದ ಮೇಲೆ ಒಳಗೆ ಕೂತು ಗಂಜಿ, ಉಪ್ಪಿನಕಾಯಿ ಉಂಡು ಬರುತ್ತಿದ್ದರು. ಕಡ್ಡಿಯಂಥ ಮನುಷ್ಯ.

ಗಲ್ಲಾದಲ್ಲಿ ಕೂರುತ್ತಿದ್ದವರು ಅವರ ಅಣ್ಣ. ಇವರ ಎರಡರಷ್ಟು ಗಾತ್ರ, ಸದಾ ನಗು. ಬಾಣಲೆಯಿಂದ ತೆಗೆದ ಮೊದಲನೆಯದನ್ನು ತಮ್ಮ ತಂದು ಅಣ್ಣನ ಮುಂದಿಡಬೇಕು, ಅಣ್ಣ ತಿಂದು ತಲೆದೂಗಬೇಕು, ಆಮೇಲೆಯೇ ಗಿರಾಕಿಗಳಿಗೆ. ದಿನಕ್ಕೆ ಎಷ್ಟೋ ಸಲ ಇದು ನಡೆಯುತ್ತಿತ್ತು. ಅವರಿಬ್ಬರ ನಡುವೆ ಬೇರೆ ಮಾತು ನಾನು ಹೆಚ್ಚು ಕೇಳಿಲ್ಲ.

ಅಣ್ಣನಿಗೆ ಅರವತ್ತು ದಾಟಿದ ಮೇಲೆ ರಕ್ತದಲ್ಲಿ ಕೊಬ್ಬು ಜಾಸ್ತಿಯಾಗಿದೆ, ತೂಕ ಇಳಿಸಿ ಎಂದು ಡಾಕ್ಟರು ಹೇಳಿದ್ದರಂತೆ. ಇಬ್ಬರೂ ನಕ್ಕು ಬಿಟ್ಟರು. ಮಲದಲ್ಲಿ ರಕ್ತ ಕಂಡಾಗ ಮೂಲವ್ಯಾಧಿ ಇರಬೇಕೆಂದು ನಾಟಿ ಔಷಧಿ ಮಾಡಿದರು. ಶಿವಮೊಗ್ಗದ ಆಸ್ಪತ್ರೆಗೆ ಹೋಗುವಷ್ಟರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಲಿವರಿಗೆ ಹಬ್ಬಿತ್ತು. ಕರುಳಿನ ಒಳಗೋಡೆಯಲ್ಲಿ ನರುಲಿಯಂಥ ಸಣ್ಣ ಗಂಟು ಮೂಡುತ್ತದೆ, ಅದಕ್ಕೆ ಪಾಲಿಪ್ ಅನ್ನುತ್ತಾರೆ, ವರ್ಷಗಟ್ಟಲೆ ಸುಮ್ಮನಿದ್ದು ಕೆಲವರಲ್ಲಿ ಹೀಗೆ ತಿರುಗುತ್ತದೆ ಎಂದು ಅಲ್ಲಿನ ಡಾಕ್ಟರು ವಿವರಿಸಿದರು. ವಯಸ್ಸು, ವಂಶ, ಮೈಯ ಬೊಜ್ಜು, ರಕ್ತದ ಕೊಬ್ಬು ಎಂದು ಹಲವು ಕಾರಣ ಹೇಳಿದರು. ತಮ್ಮನಿಗೆ ಕೇಳಿಸಿದ್ದು ಬೊಜ್ಜು, ಕೊಬ್ಬು, ಎರಡೇ.

ಅಣ್ಣ ಹೋದ ಮೇಲೆ, ಒಡಹುಟ್ಟಿದವರೂ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಡಾಕ್ಟರು ಹೇಳಿದ್ದರಿಂದ ಇವರು ಹೋಗಿ ಬಂದರು. ಬಂದವರು ನನ್ನ ಎದುರಿನ ಬೆಂಚಿನಲ್ಲಿ ಕೂತರು. ಗಿರಾಕಿಯ ಜಾಗದಲ್ಲಿ ಅವರು ಕೂತದ್ದನ್ನು ನಾನು ನೋಡಿದ್ದು ಆವತ್ತೇ.

"ನಂಗೆ ಎಂತದೂ ಇಲ್ವಂತೆ ಸಾರ್" ಅಂದರು. ಒಳ್ಳೆಯದಾಯಿತಲ್ಲ ಎಂದೆ. ಅವರು ಬಾಣಲೆಯ ಕಡೆ ನೋಡುತ್ತಾ, "ಕರಿದವ ನಾನು, ತಿಂದವ ಅವ" ಅಂದರು.

ಅಲ್ಲಿಂದ ಅವರ ಕೈ ಬದಲಾಯಿತು. ಒಂದು ಸಂಜೆ ನಾನು ಇನ್ನೊಂದು ಪ್ಲೇಟ್ ಕೇಳಿದರೆ, ನಾಲ್ಕು ಜನರ ಎದುರು, "ನಿಮ್ಗೆ ಸಾಕು" ಎಂದುಬಿಟ್ಟರು. ಹೊಟ್ಟೆ ನೋಡಿಕೊಳ್ಳಿ, ಮೊದಲು ರಕ್ತ ಪರೀಕ್ಷೆ ಮಾಡಿಸಿ ಎಂದರು. ನನಗೆ ಅವಮಾನವಾಯಿತು. ಸಂತೆ ಬೀದಿಯ ಇನ್ನೊಂದು ಹೋಟೆಲಿಗೆ ಹೋಗತೊಡಗಿದೆ. ಒಂದು ವಾರ ನೋಡಿ ಅವರೇ ಮನೆಗೆ ಬಂದರು. ಒಳಗೆ ಬರಲಿಲ್ಲ, ಕೂರಲಿಲ್ಲ. ನನ್ನ ಹೆಂಡತಿಯನ್ನು ಕರೆದು, "ಅಮ್ಮಾ, ಇವ್ರನ್ನ ಡಾಕ್ಟ್ರ ಹತ್ರ ಕಳ್ಸಿ" ಎಂದಷ್ಟೇ ಹೇಳಿ ಹೋದರು.

ಅವಳ ಕಾಟಕ್ಕೆ ಹೋದೆ. ತೂಕ, ಕೊಬ್ಬು ಎರಡೂ ಮೇಲೆ, ರಕ್ತ ಕಡಿಮೆ. ರಕ್ತ ಎಲ್ಲಿ ಹೋಗುತ್ತಿದೆ ನೋಡಬೇಕು, ಕರುಳಿಗೆ ಕ್ಯಾಮೆರಾ ಹಾಕಿಸಿ ಎಂದರು ಡಾಕ್ಟರು. ಹೋಟೆಲಿನವರು ಬಾಗಿಲು ಮುಚ್ಚಿ ನನ್ನ ಜೊತೆ ಶಿವಮೊಗ್ಗದ ಬಸ್ ಹತ್ತಿದರು. ಕರುಳು ಖಾಲಿಯಾಗಲೆಂದು ಕೊಟ್ಟ ಭೇದಿಯ ಔಷಧಿ ಕುಡಿದು ನಿತ್ರಾಣನಾಗಿದ್ದ ನನ್ನನ್ನು ಅದೇ ಕೈ ಹಿಡಿದು ಒಳಗೆ ಬಿಟ್ಟಿತು. ಒಂದು ಪಾಲಿಪ್ ಸಿಕ್ಕಿತು, ಅಲ್ಲೇ ತೆಗೆದರು. ಕ್ಯಾನ್ಸರ್ ಆಗಿರಲಿಲ್ಲ, ಆದರೆ ಬಿಟ್ಟಿದ್ದರೆ ಆಗಬಹುದಾದ ಜಾತಿಯದು ಎಂದು ಆಮೇಲೆ ವರದಿ ಬಂತು. ತೂಕ ಇಳಿಸಿ, ಮೂರು ವರ್ಷಕ್ಕೆ ಮತ್ತೆ ಬಂದು ತೋರಿಸಿ ಎಂದರು.

ಖುಷಿಯಲ್ಲಿ ನೇರ ಹೋಟೆಲಿಗೆ ಹೋದೆ. ನೀವು ನನ್ನ ಜೀವ ಉಳಿಸಿದಿರಿ ಎಂದೆ. ಅವರು ಸೌಟನ್ನು ಕೆಳಗಿಟ್ಟರು.

"ಅಂದ್ರೆ ನಿಮ್ಗೂ ಆಗಿತ್ತು."

ನಾನು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಒಂದೇ ಕಾರಣ ಅಂತ ಇರುವುದಿಲ್ಲ, ಕರಿದದ್ದು ಏನೂ ತಿನ್ನದವರಿಗೂ ಬರುತ್ತದೆ, ತಿನ್ನುವಾಗ ನಾಲಿಗೆ ಬಿಗಿಹಿಡಿಯದ ತಪ್ಪು ನನ್ನದು ಎಂದೆ. ಅವರು ಪೂರ್ತಿ ಕೇಳಿಸಿಕೊಂಡು, "ಬಡಿಸಿದ್ದು ನಾನೇ ಅಲ್ವಾ ಸಾರ್" ಅಂದರು. ಕೃತಜ್ಞತೆ ಹೇಳಲು ಹೋದ ನಾನು ಅವರ ತಲೆಯ ಮೇಲೆ ಇನ್ನೊಂದು ಹೊರೆ ಇಟ್ಟು ಬಂದಿದ್ದೆ.

ಮರುವಾರ ಬಾಣಲೆ ಇಳಿಯಿತು. ಇಡ್ಲಿ, ಗಂಜಿ, ಹೆಸರುಕಾಳು ಉಸಲಿ ಮಾತ್ರ. ಬಸ್ಸಿನವರು ಇಣುಕಿ ನೋಡಿ ಮುಂದೆ ಹೋದರು. ವರ್ಷದೊಳಗೆ ಹೋಟೆಲು ಮುಚ್ಚಿತು, ಅವರು ತೀರ್ಥಹಳ್ಳಿಯಲ್ಲಿದ್ದ ಮಗಳ ಮನೆ ಸೇರಿದರು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಹೋಟೆಲು ಉಳಿಯುತ್ತಿತ್ತೇನೋ ಎಂದು ಆ ಮುಚ್ಚಿದ ಬಾಗಿಲಿನ ಮುಂದೆ ನಡೆಯುವಾಗೆಲ್ಲ ಅನ್ನಿಸಿದೆ.

ಕಳೆದ ವರ್ಷ ಅವರ ಹೃದಯ ಸೋಲುತ್ತಿದೆ ಎಂದು ಮಗಳು ಫೋನ್ ಮಾಡಿದಾಗ ನೋಡಲು ಹೋದೆ. ಮಂಚದ ಮೇಲೆ ಒರಗಿ ಕೂತಿದ್ದರು. ಕುಶಲ ಕೇಳುವ ಮೊದಲೇ ಅವರ ಪ್ರಶ್ನೆ ಬಂತು.

"ಮೂರು ವರ್ಷ ಆಯ್ತಲ್ಲ. ಮತ್ತೆ ತೋರ್ಸಿದ್ರಾ?"

ತೋರಿಸಿರಲಿಲ್ಲ. ಆ ಭೇದಿಯ ಔಷಧಿಯ ನೆನಪಾಗಿ, ಇವತ್ತು ನಾಳೆ ಎಂದು ಮುಂದೂಡುತ್ತಿದ್ದೆ. ಅವರ ಮುಖ ನೋಡಿ ಆ ಮಾತು ಬಾಯಿಗೆ ಬರಲಿಲ್ಲ.

"ತೋರಿಸಿದೆ. ಏನೂ ಇಲ್ಲ, ಪೂರಾ ಚೊಕ್ಕ ಇದೆಯಂತೆ" ಎಂದೆ.

ಅವರು ಕಣ್ಣು ಮುಚ್ಚಿದರು. "ಒಬ್ರಾದ್ರೂ ಉಳಿದ್ರಲ್ಲ" ಅಂದರು. ಮಗಳು ಕಾಫಿ ತಂದಾಗ ಅವಳಿಗೂ ಅದನ್ನೇ ಹೇಳಿದರು, ಸಾರ್‌ಗೆ ಎಂತದೂ ಇಲ್ವಂತೆ ಎಂದು.

ತಿಂಗಳು ತುಂಬುವ ಮೊದಲೇ ಹೋಗಿಬಿಟ್ಟರು. ಸಾವಿಗೆ ಹೋಗಿ ಬಂದ ಮಾರನೆಯ ದಿನವೇ ನಾನು ಶಿವಮೊಗ್ಗಕ್ಕೆ ಫೋನ್ ಮಾಡಿ ಪರೀಕ್ಷೆಗೆ ದಿನ ಗೊತ್ತು ಮಾಡಿದೆ. ಅವರು ನಂಬಿ ಹೋದ ಮಾತನ್ನು ನಿಜ ಮಾಡಬೇಕಿತ್ತು. ಪರೀಕ್ಷೆ ಮುಗಿದು ಎಚ್ಚರವಾದಾಗ ಡಾಕ್ಟರು ಪಕ್ಕದಲ್ಲೇ ನಿಂತಿದ್ದರು. ಇನ್ನೊಂದು ಸಣ್ಣದು ಬೆಳೆಯುತ್ತಿತ್ತು, ತೆಗೆದಿದ್ದೇವೆ, ಸರಿಯಾದ ಹೊತ್ತಿಗೆ ಬಂದಿರಿ ಎಂದರು. ಯಾರಾದರೂ ಹೇಳಿ ಕಳಿಸಿದರಾ ಎಂದು ಕೇಳಿದರು.

ಹೌದು ಎಂದೆ.