ನೈಟ್ರೈಲಕ್ಕನ ಐದು ಶೀಶೆಗಳು

ಬೆಳಗಿನ ಐದೂಮುಕ್ಕಾಲು. ತಗಡಿನ ಶೆಡ್ಡಿನಲ್ಲಿ ಒಂದೇ ದೀಪ ಉರಿಯುತ್ತಿದೆ. ಪ್ರೆಸ್ ಯಂತ್ರದ ಪಕ್ಕದ ಬೆಚ್ಚನೆಯ ಹಲಗೆಯ ಮೇಲೆ ಐದು ಗಾಜಿನ ಶೀಶೆಗಳು. ಪ್ರತಿಯೊಂದರಲ್ಲೂ ಎಣ್ಣೆ, ತಳದಲ್ಲಿ ಒಂದು ಕಪ್ಪು ಉಂಗುರ. ನಲವತ್ತಾರರ ಹೆಂಗಸೊಬ್ಬರು ಇಕ್ಕಳದಿಂದ ಒಂದನ್ನು ಎತ್ತಿ, ಬಟ್ಟೆಯಲ್ಲಿ ಒರೆಸಿ, ಮೇಜಿನ ಮೇಲಿನ ಮರದ ಗೂಟಕ್ಕೆ ತೊಡಿಸುತ್ತಾರೆ. ಗೂಟ ತುದಿಯಲ್ಲಿ ಸಣ್ಣ, ಬುಡದಲ್ಲಿ ದಪ್ಪ. ಉಂಗುರ ಜಾರಿ, ನಡುವಿನ ಕೆಂಪು ಗೆರೆಯ ಮೇಲೆ ನಿಲ್ಲುತ್ತದೆ. "ಇದು ಗಟ್ಟಿ ಕುಳ" ಎನ್ನುತ್ತಾರೆ. ಎರಡನೆಯದೂ ಅಲ್ಲೇ ನಿಲ್ಲುತ್ತದೆ. ಮೂರನೆಯದು ಗೆರೆ ದಾಟಿ ಒಂದು ಬೆರಳಷ್ಟು ಕೆಳಗಿಳಿಯುತ್ತದೆ.

ಅವರು ಅದನ್ನು ತೆಗೆದು ಮತ್ತೆ ಹಾಕುತ್ತಾರೆ. ಮತ್ತೆ ಅಲ್ಲಿಗೇ ಇಳಿಯುತ್ತದೆ. ನಾಲ್ಕನೆಯದೂ ಐದನೆಯದೂ ಗೆರೆಯ ಮೇಲೇ ನಿಂತ ಮೇಲೆ, ಮೂರನೆಯದನ್ನೇ ಗೂಟಕ್ಕೆ ತೊಡಿಸಿ ಬಿಡುತ್ತಾರೆ.

ಇಲ್ಲಿ ತಯಾರಾಗುವುದು ಲಾರಿ ಎತ್ತುವ ಜಾಕಿನ ಸೀಲುಗಳು. ಜಾಕಿನೊಳಗಿನ ಎಣ್ಣೆಯನ್ನು ತಡೆದು ಹಿಡಿಯುವುದು ಈ ಉಂಗುರ. ಬಿಲ್ಲಿನಲ್ಲಿ ಬರೆಯುವುದು 'ರಬ್ಬರ್ ಸಾಮಾನು' ಎಂದು. ಆದರೆ ಈಕೆಯ ಬಾಯಲ್ಲಿ ಬರುವುದು 'ನೈಟ್ರೈಲ್' ಮಾತ್ರ. ಅದಕ್ಕೇ ಶೆಡ್ಡಿನವರೆಲ್ಲ ಕರೆಯುವುದು ನೈಟ್ರೈಲಕ್ಕ ಎಂದು. ನೈಟ್ರೈಲ್ ಎಂದರೆ ಮರದ ಹಾಲಿನಿಂದ ಬಂದ ರಬ್ಬರ್ ಅಲ್ಲ, ಕಾರ್ಖಾನೆಯಲ್ಲಿ ರಾಸಾಯನಿಕಗಳಿಂದ ಮಾಡಿದ ಕೃತಕ ರಬ್ಬರಿನ ಒಂದು ಬಗೆ. ಅದು ಎಣ್ಣೆ ಕುಡಿಯುವುದಿಲ್ಲ. ಪತ್ರಿಕೆಗೆಂದು ನಾನು ಬರೆದುಕೊಂಡದ್ದನ್ನು ಓದಿ ತೋರಿಸಿದಾಗ ಅವರು ತಿದ್ದುತ್ತಾರೆ: "ಕುಡಿಯೋದೇ ಇಲ್ಲ ಅಂತ ಅಲ್ಲ, ಬಹಳ ಕಮ್ಮಿ ಅಂತ ಹಾಕಿ."

ಶೆಡ್ಡಿನಲ್ಲಿ ಇನ್ನೊಂದು ಕೃತಕ ರಬ್ಬರೂ ಇದೆ, ಕಿಟಕಿ-ಬಾಗಿಲಿನ ಅಂಚಿಗೆ ಹಾಕುವಂಥದ್ದು. ಬಿಸಿಲು, ಮಳೆ ಯಾವುದಕ್ಕೂ ಜಗ್ಗದ ಈ 'ಕಿಟಕಿ ರಬ್ಬರ್' ಎಣ್ಣೆ ತಾಗಿದರೆ ಮಾತ್ರ ಊದಿ ಅಗಲವಾಗುತ್ತದೆ. ಎರಡೂ ಕಪ್ಪು ಹಾಳೆಗಳಾಗಿ ಬರುತ್ತವೆ. ಒಂದಕ್ಕೊಂದು ಅಂಟದಿರಲೆಂದು ಎರಡಕ್ಕೂ ಬಿಳಿ ಪುಡಿ ಸವರಿರುತ್ತದೆ. ಕಣ್ಣಿಗೆ ಅವಳಿಜವಳಿ. ಹಾಗಾಗಿ ಕಿಟಕಿ ರಬ್ಬರಿನ ಹಾಳೆಗೆ ಹಳದಿ ಸೀಮೆಸುಣ್ಣದಲ್ಲಿ ಅಡ್ಡಗೀಟು ಹಾಕುವುದು ನೈಟ್ರೈಲಕ್ಕನ ಕೆಲಸ. ಅದೂ ಸಾಲದೆಂದು ಪ್ರತಿ ಟ್ರೇಯಿಂದ ಒಂದು ಉಂಗುರವನ್ನು ಸಂಜೆ ಎಣ್ಣೆಗೆ ಹಾಕಿ ಬೆಳಿಗ್ಗೆ ಅಳೆಯುತ್ತಾರೆ.

"ಹಲ್ಲಲ್ಲಿ ಕಚ್ಚಿ ನೋಡೋರಿದ್ದಾರೆ, ಮೂಸಿ ನೋಡೋರಿದ್ದಾರೆ. ಎಣ್ಣೆ ಮುಂದೆ ಯಾರ ಜಾಣತನವೂ ನಡೆಯಲ್ಲ" ಎನ್ನುತ್ತಾರೆ. ಈ ಕೆಲಸಕ್ಕೆ ಹದಿನೆಂಟು ವರ್ಷ. ಓದಿದ್ದು ಏಳನೆಯ ತರಗತಿ. ದಿನಕ್ಕೆ ಸಾವಿರದಿನ್ನೂರು ಉಂಗುರಗಳ ಅಂಚು ಕತ್ತರಿಸಿ, ಟ್ರೇಗೆ ಇನ್ನೂರ ನಲವತ್ತರಂತೆ ಜೋಡಿಸುತ್ತಾರೆ. ಬೆರಳ ತುದಿಯ ಗೆರೆಗಳು ಸವೆದು ಹೋಗಿವೆ. ಅವರ ತಮ್ಮ ಗ್ಯಾರೇಜಿನಲ್ಲಿ ಮೆಕ್ಯಾನಿಕ್. "ಮಾಲೀಕರಿಗೆ ಇದು ಸೀಲು. ನಂಗೆ ಇದು ತಮ್ಮನ ಎದೆ ಮೇಲೆ ನಿಂತಿರೋ ಲಾರಿ."

ಎಂಟು ಗಂಟೆಗೆ ಬಂದ ಮಾಲೀಕರು ಗೂಟ ನೋಡಿದವರೇ, ಹಾಳೆಯನ್ನು ಉಂಗುರವಾಗಿ ಒತ್ತುವ ಪ್ರೆಸ್ಸಿನವನ ಮೇಲೆ ಹರಿಹಾಯುತ್ತಾರೆ. "ಕಣ್ಣೇನು ಮನೇಲಿಟ್ಟು ಬಂದಿದ್ಯಾ? ಕಿಟಕಿ ರಬ್ಬರ್ ಹಾಕಿದ್ಯಲ್ಲೋ!"

"ಗೀಟೇ ಇರ್ಲಿಲ್ಲ ಸಾರ್, ಆಣೆ."

ನೈಟ್ರೈಲಕ್ಕ ಕೈಯಲ್ಲಿದ್ದ ಕತ್ತರಿ ಕೆಳಗಿಡುತ್ತಾರೆ. "ಅವನನ್ನ ಬಯ್ಯಬೇಡಿ. ಮೊನ್ನೆ ಹಳದಿ ಸೀಮೆಸುಣ್ಣ ಮುಗಿದಿತ್ತು. ಬಿಳೀದ್ರಲ್ಲಿ ಗೀಟು ಹಾಕ್ದೆ. ಬಿಳಿ ಪುಡಿ ಮೇಲೆ ಬಿಳಿ ಗೀಟು. ಎಲ್ಲಿ ಉಳಿಯತ್ತೆ? ತಪ್ಪು ನಂದೇ."

ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಾನು ಬರೆಯುವುದನ್ನು ನಿಲ್ಲಿಸಿದ್ದು ಅವರ ಕಣ್ಣಿಗೆ ಬೀಳುತ್ತದೆ. "ಬರ್ಕೊಳ್ಳಿ, ಪರವಾಗಿಲ್ಲ" ಎನ್ನುತ್ತಾರೆ.

ಮಾಲೀಕರ ದನಿ ಇಳಿಯುತ್ತದೆ. "ಹೋಗ್ಲಿ ಬಿಡಕ್ಕ. ಮೂರನೇ ಟ್ರೇ ಎಸೆದು ಉಳಿದ ನಾಲ್ಕು ಕಳಿಸೋಣ. ಒಂಬತ್ತಕ್ಕೆ ಗಾಡಿ ಬರತ್ತೆ."

"ಆಗಲ್ಲ. ಕತ್ತರಿಸೋವಾಗ ಒಂದೆರಡು ಆ ಟ್ರೇದು ಈ ಟ್ರೇಗೆ ಬಿದ್ದಿರತ್ತೆ. ಅಷ್ಟನ್ನೂ ಎಣ್ಣೆಗೆ ಹಾಕಿ, ನಾಳೆ ಒಂದೊಂದೇ ಅಳೀತೀನಿ."

"ಎಲ್ಲಾನೂ ಎಣ್ಣೆಗಾ?"

"ಎಣ್ಣೇಲೇ ಬಾಳಬೇಕಾದ್ದು ಸಾರ್, ಒಂದಿನ ಮುಂಚೆ ಇಳಿದ್ರೆ ಏನಾಗತ್ತೆ?"

ಗಾಡಿ ಖಾಲಿ ಹೋಗುತ್ತದೆ. ಮಾಲೀಕರು ಫೋನ್ ಹಿಡಿದು ಹೊರಗೆ ನಡೆದು ಅರ್ಧ ಗಂಟೆ ಗಿರಾಕಿಯಿಂದ ಬೈಸಿಕೊಳ್ಳುತ್ತಾರೆ. ಒಳಗೆ ಐದು ಬೋಗುಣಿಗಳಲ್ಲಿ ಉಂಗುರಗಳು ಮುಳುಗುತ್ತವೆ. ಪ್ರೆಸ್ಸಿನವನಿಗೆ ಈಗ ಹೋದ ಜೀವ ಬಂದಿದೆ. "ಅಕ್ಕಾ, ನಮ್ಮತ್ತೇನೂ ಒಂದಿನ ಅದ್ದಿ ನೋಡಿ, ಯಾವ ರಬ್ಬರೋ ಗೊತ್ತಾಗ್ಲಿ."

"ನಿಮ್ಮತ್ತೆ ಅಸಲಿ ನೈಟ್ರೈಲು ಕಣೋ. ಎಷ್ಟು ಎಣ್ಣೆ ಹಚ್ಚಿದ್ರೂ ಬಗ್ಗಲ್ಲ."

ಮರುದಿನ ಮತ್ತೆ ಹೋಗುತ್ತೇನೆ. ಫಲಿತಾಂಶ ತಿಳಿಯದೆ ಬರೆಯಲು ಧೈರ್ಯವಿಲ್ಲ. ಮಧ್ಯಾಹ್ನ ಎರಡರವರೆಗೂ ನೈಟ್ರೈಲಕ್ಕ ಗೂಟದ ಮುಂದಿನಿಂದ ಏಳುವುದಿಲ್ಲ. ಮೂರನೇ ಟ್ರೇಯ ಇನ್ನೂರ ನಲವತ್ತರಲ್ಲಿ ಹೆಚ್ಚಿನವು ಗೆರೆ ದಾಟುತ್ತವೆ. ಉಳಿದ ನಾಲ್ಕರಿಂದ, ಕಳಿಸೋಣ ಎಂದಿದ್ದ ಆ ನಾಲ್ಕರಿಂದ, ಹನ್ನೊಂದು. ಮಾಲೀಕರು ಆ ಹನ್ನೊಂದನ್ನು ಅಂಗೈಯಲ್ಲಿಟ್ಟುಕೊಂಡು ಒಂದೊಂದಾಗಿ ಎಣಿಸುತ್ತಾರೆ. ಆಮೇಲೆ ಕೇಳುತ್ತಾರೆ, "ಏನು ತರಿಸ್ಲಕ್ಕ?"

"ಹಳದಿ ಪೇಂಟು, ಒಂದು ಡಬ್ಬಿ. ಸೀಮೆಸುಣ್ಣದ ಸಹವಾಸ ಸಾಕು."

ಹೊರಡುವ ಮುನ್ನ ನಾನು ಬರೆದ ಸಾಲುಗಳನ್ನು ಓದಿ ಹೇಳುತ್ತೇನೆ: ಹದಿನೆಂಟು ವರ್ಷಗಳಲ್ಲಿ ಒಂದೂ ಸೀಲು ವಾಪಸ್ ಬಂದಿಲ್ಲ, ಒಂದೂ ತಪ್ಪಾಗಿಲ್ಲ.

ಅವರು ತಲೆ ಅಡ್ಡಡ್ಡ ಆಡಿಸುತ್ತಾರೆ. "ತಪ್ಪಾಗಿಲ್ಲ ಅನ್ನೋದು ಹೊಡೆದು ಹಾಕಿ. ತಪ್ಪು ಬಾಗಿಲು ದಾಟಿಲ್ಲ ಅಂತ ಬರೀರಿ."