ಕತ್ತರಿಯಕ್ಕನ ನೂರು ಹೆಜ್ಜೆ

“ಉಗುರಿನ ಅರ್ಧದಷ್ಟು ಜಾಗ ಕೊಡಿ ಸಾರ್, ಸಾಕು. ಇಲ್ಲಿ ಗುಂಡಿ ಒತ್ತಿದ್ರೆ ನೂರು ಹೆಜ್ಜೆ ಆಚೆ ಗಂಟೆ ಹೊಡೀಲಿಲ್ಲ ಅಂದ್ರೆ ನನ್ನ ಕತ್ತರಿ ನಿಮ್ಮ ಕೈಲಿಟ್ಟು ಮನೇಗೆ ಹೋಗ್ತೀನಿ.”

ಕತ್ತರಿಯಕ್ಕ ತನ್ನ ಕಂಪನಿಯ ಮಾಲೀಕರ ಮುಂದೆ ಈ ಮಾತು ಆಡಿದ್ದು ಒಂದು ಸೋಮವಾರ ಹನ್ನೊಂದು ಗಂಟೆಗೆ. ಹನ್ನೊಂದೂವರೆಗೆಲ್ಲ ಅದನ್ನು ಸಾಧಿಸಿಯೂ ತೋರಿಸಿದಳು. ಅಷ್ಟು ಸಣ್ಣ ಆಂಟೆನಾ ಅಷ್ಟು ದೂರ ಮುಟ್ಟಿದ್ದು ಭೂಮಿ ಹುಟ್ಟಿದ ಮೇಲೆ ಅದೇ ಮೊದಲು ಎಂದು ಅವಳಿಗೆ ನಂಬಿಕೆ ಬಂತು. ಆ ನಂಬಿಕೆಗೆ ನಾಲ್ಕು ದಿನದ ಆಯಸ್ಸಿತ್ತು.

ಆಂಟೆನಾ ಎಂದ ಕೂಡಲೇ ಹಳೆಯ ತಲೆಗಳಿಗೆ ಮಾಳಿಗೆಯ ಮೇಲೆ ಮೀನಿನ ಮುಳ್ಳಿನಂತೆ ನಿಂತು ಕಾಗೆಗಳನ್ನು ಸಾಕುತ್ತಿದ್ದ ಅಲ್ಯೂಮಿನಿಯಂ ಕಡ್ಡಿಗಳು ನೆನಪಾಗುತ್ತವೆ. ಕತ್ತರಿಯಕ್ಕ ಮಾಡುವುದು ಅಂಥದ್ದಲ್ಲ. ಬಾಗಿಲ ಕರೆಗಂಟೆ, ನಾಯಿಯ ಕೊರಳಪಟ್ಟಿ, ಕಾರಿನ ಬೀಗದ ಕೈ, ಇಂಥ ಸಣ್ಣಪುಟ್ಟ ಸಾಮಾನುಗಳ ಹೊಟ್ಟೆಯೊಳಗೆ ಹಾವಿನ ಮರಿಯ ಹಾಗೆ ಸುತ್ತಿಕೊಂಡು ಮಲಗುವ ತಾಮ್ರದ ಗೆರೆ ಅದು. ತಂತಿಯಿಲ್ಲದೆ ಮಾತಾಡುವ ಪ್ರತಿಯೊಂದು ಯಂತ್ರಕ್ಕೂ ಅದೇ ಬಾಯಿ, ಅದೇ ಕಿವಿ. ಒಮ್ಮೆ ಮೇಜಿನ ಮೇಲೆ ಸಾಲಾಗಿ ಜೋಡಿಸಿದ್ದ ಹನ್ನೆರಡು ಆಂಟೆನಾಗಳ ಎದುರು ಆಫೀಸಿನ ಗುಮಾಸ್ತರು ಸೀನಿಬಿಟ್ಟರು. ಹನ್ನೊಂದು ಇವತ್ತಿನವರೆಗೂ ಸಿಕ್ಕಿಲ್ಲ. ಹನ್ನೆರಡನೆಯದು ಮೂರನೆಯ ದಿನ ಅವರ ಮೀಸೆಯಲ್ಲಿ ಸಿಕ್ಕಿತು. ಅಳೆದು ನೋಡಿದರೆ ಮೊದಲಿಗಿಂತ ಚೆನ್ನಾಗಿ ಕೆಲಸ ಮಾಡುತ್ತಿತ್ತು.

ಅವಳು ಇಪ್ಪತ್ತೆರಡು ವರ್ಷದ ಹಿಂದೆ ಬೆಸುಗೆ ಹಾಕುವ ಸಾಲಿನಲ್ಲಿ ಕೂತವಳು. ಆಗ ಆಂಟೆನಾ ನೋಡಿಕೊಳ್ಳುತ್ತಿದ್ದ ಹಿರಿಯರು, ಇವಳ ಕೈ ನಡುಗುವುದಿಲ್ಲ ಎಂಬ ಒಂದೇ ಕಾರಣಕ್ಕೆ ಎಬ್ಬಿಸಿಕೊಂಡು ಹೋಗಿ ಅಳತೆಯ ಯಂತ್ರದ ಮುಂದೆ ಕೂರಿಸಿದರು. ಯಂತ್ರದ ಪರದೆಯ ಮೇಲೆ ಒಂದು ಗೆರೆ ಓಡುತ್ತದೆ, ಅದರಲ್ಲೊಂದು ಕುಳಿ ಇರುತ್ತದೆ. ಕುಳಿ ಇರಬೇಕಾದ ಜಾಗದಲ್ಲಿ ಇದ್ದರೆ ಆಂಟೆನಾ ಸರಿಯಾಗಿದೆ ಎಂದರ್ಥ. ಇಲ್ಲದಿದ್ದರೆ ತಾಮ್ರವನ್ನು ಅರ್ಧ ಮಿಲಿಮೀಟರು ಕತ್ತರಿಸಿ ಮತ್ತೆ ನೋಡಬೇಕು. ಉದ್ದವಾಗಿದ್ದರೆ ಕತ್ತರಿಸಬಹುದು, ಮೋಟಾದರೆ ಯಾರಪ್ಪನ ಕೈಯಲ್ಲೂ ಎಳೆದು ಉದ್ದ ಮಾಡಲಾಗದು. ಅವಳು ಕತ್ತರಿಸುವುದು ಉಗುರಿನ ಕತ್ತರಿಯಲ್ಲಿ. ಹೆಸರು ಬಂದದ್ದು ಹಾಗೆ. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ. ಅದನ್ನು ಓದಿದವರು ಇದ್ಯಾರು ಹೊಸಬರು ಎಂದು ಕೇಳುತ್ತಾರೆ.

ಈ ಕೆಲಸದ ಕಷ್ಟವೆಲ್ಲ ಜಾಗದ್ದು. ಬೋರ್ಡಿನ ಮೇಲೆ ಮೊದಲು ಬ್ಯಾಟರಿ ಕಾಲು ಚಾಚುತ್ತದೆ, ಆಮೇಲೆ ಗುಂಡಿ, ಆಮೇಲೆ ದೀಪ. ತುಂಬಿದ ಬಸ್ಸಿಗೆ ಕೊನೆಯಲ್ಲಿ ಹತ್ತಿದವನಿಗೆ ಒಂಟಿಕಾಲಿಡಲು ಸಿಕ್ಕಷ್ಟೇ ಆಂಟೆನಾದ ಪಾಲು. ಈ ಸಲದ ಸಾಮಾನು ಕೊರಳಿಗೆ ಹಾಕಿಕೊಳ್ಳುವ ಲಾಕೆಟ್ಟು. ಒಂದು ವೃದ್ಧಾಶ್ರಮದ ಮೇಟ್ರನ್ ಕೇಳಿದ್ದು. ವಯಸ್ಸಾದವರು ಎಲ್ಲಾದರೂ ಬಿದ್ದರೆ ಲಾಕೆಟ್ಟಿನ ಗುಂಡಿ ಒತ್ತಬೇಕು, ದಾದಿಯರ ಕೋಣೆಯ ಗೋಡೆಯಲ್ಲಿರುವ ಪೆಟ್ಟಿಗೆ ಗಂಟೆ ಹೊಡೆಯಬೇಕು. ನಲವತ್ತು ಹೆಜ್ಜೆಯಾದರೂ ಮುಟ್ಟಬೇಕು ಎಂದು ಆಕೆ ಹೇಳಿದ್ದರು. ಪ್ಲಾಸ್ಟಿಕ್ ಹೊದಿಕೆ ಮಾಡುವ ಡಬ್ಬಿಯಣ್ಣ ಲಾಕೆಟ್ಟನ್ನು ಚಂದವಾಗಿ ಹುಣಸೆ ಬೀಜದ ಆಕಾರಕ್ಕೆ ತಂದು, ಆಂಟೆನಾಕ್ಕೆ ಒಂಬತ್ತು ಮಿಲಿಮೀಟರು ಉದ್ದ, ನಾಲ್ಕು ಅಗಲ ಬಿಟ್ಟುಕೊಟ್ಟ.

“ಇದರಲ್ಲಿ ಇರುವೆ ಸಂಸಾರ ಮಾಡಲ್ಲ ಕಣೋ” ಎಂದಳು ಕತ್ತರಿಯಕ್ಕ.

“ಇರುವೇಗೆ ಕೊಟ್ಟಿದ್ದಲ್ಲಕ್ಕಾ, ನಿಮಗೆ ಕೊಟ್ಟಿದ್ದು” ಎಂದ ಡಬ್ಬಿಯಣ್ಣ.

ಮಾಲೀಕರು ಮಾತ್ರ ನೇರವಾಗಿ ಹೇಳಿಬಿಟ್ಟರು. “ನೋಡಮ್ಮಾ, ಇದೊಂದು ಆಗ್ಲಿಲ್ಲ ಅಂದ್ರೆ ಇನ್ಮೇಲೆ ರೆಡಿಮೇಡ್ ಆಂಟೆನಾ ತರಿಸಿ ಅಂಟಿಸಿಬಿಡೋಣ. ನಿನ್ನ ರೂಮಲ್ಲಿ ರಟ್ಟಿನ ಪೆಟ್ಟಿಗೆ ಪೇರಿಸಬಹುದು. ನಿನಗೆ ಪ್ಯಾಕಿಂಗಲ್ಲಿ ಒಂದು ಕುರ್ಚಿ ಇದ್ದೇ ಇದೆ.” ಕಿಟಕಿಯ ಪಕ್ಕದ ಆ ರೂಮು, ಆ ಮೇಜು, ಆ ಯಂತ್ರ ಬಿಟ್ಟರೆ ಅವಳಿಗೆ ಬೇರೆ ಆಸ್ತಿಯಿಲ್ಲ. ಜಂಬದ ಮಾತು ಹೊರಬಿದ್ದದ್ದು ಆಗ.

ಸೋಮವಾರ ಲಾಕೆಟ್ಟಿನ ಬೋರ್ಡು ಮೇಜಿನ ಮೇಲಿತ್ತು. ಅದರ ಗುಂಡು ಬ್ಯಾಟರಿ ಇನ್ನೂ ಬಂದಿರಲಿಲ್ಲವಾದ್ದರಿಂದ ಕೆಂಪು ಕರಿ ಎರಡು ತಂತಿ ಬೆಸೆದು ಗೋಡೆಯ ವಿದ್ಯುತ್ತಿನ ಪೆಟ್ಟಿಗೆಯಿಂದಲೇ ಶಕ್ತಿ ಕೊಟ್ಟಿದ್ದಳು. ಡಬ್ಬಿಯಣ್ಣ ಗಂಟೆಯ ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದು ರಸ್ತೆಯಲ್ಲಿ ಹೆಜ್ಜೆ ಎಣಿಸುತ್ತ ಹೊರಟ. ಇವಳು ಗುಂಡಿ ಒತ್ತುತ್ತಲೇ ಇದ್ದಳು, ಅದು ಹೊಡೆದುಕೊಳ್ಳುತ್ತಲೇ ಇತ್ತು. ಐವತ್ತು, ಎಪ್ಪತ್ತು, ತೊಂಬತ್ತು. ನೂರನೆಯ ಹೆಜ್ಜೆಗೆ ಕ್ಷೌರದಂಗಡಿ. ಅಲ್ಲಿ ಗಂಟೆ ಹೊಡೆದ ರಭಸಕ್ಕೆ ಬೆಚ್ಚಿದ ಕ್ಷೌರಿಕ ಗೌರವಸ್ಥರೊಬ್ಬರ ಒಂದು ಕಡೆಯ ಮೀಸೆಯನ್ನು ಪೂರ್ತಿ ತೆಗೆದ, ಸಮಮಾಡಲು ಇನ್ನೊಂದನ್ನೂ ತೆಗೆದ. ಅವರು ಮನೆಗೆ ಹೋದಾಗ ಹೆಂಡತಿ ಬಾಗಿಲು ತೆರೆಯಲಿಲ್ಲವಂತೆ.

ಮಾಲೀಕರು ಆವತ್ತೇ ಡಬ್ಬಿಗಳಿಗೆಲ್ಲ ‘ನೂರು ಹೆಜ್ಜೆ’ ಎಂದು ಕೆಂಪಕ್ಷರದಲ್ಲಿ ಅಚ್ಚು ಹಾಕಿಸಿದರು. ಮುಂದಿನ ಗುರುವಾರ ವೃದ್ಧಾಶ್ರಮದಲ್ಲಿ ತೋರಿಸುವುದೆಂದು ನಿಶ್ಚಯವಾಯಿತು.

ಶುಕ್ರವಾರ ಬ್ಯಾಟರಿ ಬಂತು. ಕತ್ತರಿಯಕ್ಕ ತಂತಿ ಕಿತ್ತು, ಬ್ಯಾಟರಿ ಕೂರಿಸಿ, ಹೊದಿಕೆ ಮುಚ್ಚಿ ಲಾಕೆಟ್ಟನ್ನು ಮನೆಗೆ ತಂದು ಅತ್ತೆಯ ಕೊರಳಿಗೆ ಹಾಕಿದಳು. ಅತ್ತೆಗೆ ಎಪ್ಪತ್ತೆಂಟು. ಮಂಡಿ ಸ್ವಲ್ಪ ಮುಷ್ಕರ ಹೂಡಿದೆ, ನಾಲಿಗೆ ಇನ್ನೂ ಡ್ಯೂಟಿಯಲ್ಲಿದೆ. ಗಂಟೆಯ ಪೆಟ್ಟಿಗೆ ಅಡುಗೆಮನೆಯ ಹಲಗೆಯ ಮೇಲೆ. ಅತ್ತೆ ಮೆಟ್ಟಿಲಿಳಿದು ಗೇಟಿನ ತನಕ ಹೋಗಿ ಒತ್ತಬೇಕು ಎಂದು ಏರ್ಪಾಡು. ಇವಳು ಪೆಟ್ಟಿಗೆಯನ್ನೇ ನೋಡುತ್ತ ಕೂತಳು. ಹಾಲು ಉಕ್ಕಿತು, ಆರಿತು. ಪೆಟ್ಟಿಗೆ ಉಸಿರೆತ್ತಲಿಲ್ಲ. ಕಾಲು ಗಂಟೆಯ ಮೇಲೆ ಅತ್ತೆಯೇ ಬಾಗಿಲಲ್ಲಿ ನಿಂತಿದ್ದರು.

“ಗೇಟಿನ ಹತ್ರ ಬಿದ್ದೆ ಅಂದ್ಕೊಂಡು ಒತ್ತಿದೆ, ಯಾರೂ ಬರ್ಲಿಲ್ಲ. ಮೆಟ್ಟಿಲ ಮೇಲೆ ಬಿದ್ದೆ ಅಂದ್ಕೊಂಡು ಒತ್ತಿದೆ, ಆಗ್ಲೂ ಬರ್ಲಿಲ್ಲ. ಎಷ್ಟು ಸಲ ಅಂತ ಬೀಳ್ಲಿ? ನಾನೇ ಎದ್ದು ಬಂದೆ.”

ಎಷ್ಟು ಹತ್ತಿರ ಬಂದರೆ ಹೊಡೆಯುತ್ತದೆ ಎಂದು ಅಳೆದು ನೋಡಿದಳು. ಹನ್ನೊಂದು ಹೆಜ್ಜೆ. ಅಷ್ಟು ದೂರದಲ್ಲಿ ಬಿದ್ದವರು ನರಳಿದರೇ ಕೇಳಿಸುತ್ತದೆ.

ಬೆಳಗಾಗುತ್ತಲೇ ಆಫೀಸಿಗೆ ಹೋಗಿ ಅದೇ ಬೋರ್ಡಿಗೆ ಅದೇ ಕೆಂಪು ಕರಿ ತಂತಿ ಬೆಸೆದಳು. ಗಂಟೆ ಕ್ಷೌರದಂಗಡಿಯವರೆಗೂ ಹೊಡೆಯಿತು. ತಂತಿ ಕಿತ್ತಳು. ಹನ್ನೊಂದು. ಆಗ ಅವಳ ತಲೆಯೊಳಗೆ ದೀಪ ಹತ್ತಿತು, ಮುಖದ ಮೇಲಿನದು ಆರಿತು. ಆಂಟೆನಾ ಸಣ್ಣದಾದಷ್ಟೂ ಅದಕ್ಕೆ ತಗುಲಿದ ಯಾವ ತಂತಿಯಾದರೂ ತಾನೇ ಆಂಟೆನಾ ಎಂದು ಮೆರೆಯಲು ಶುರುಮಾಡುತ್ತದೆ. ಅದಕ್ಕೇ ಅಳೆಯುವ ಕೇಬಲ್ಲಿಗೆ ಅವಳು ಸಿಗ್ನಲ್ ಹೀರುವ ಕಪ್ಪು ಮಣಿಗಳನ್ನು ಪೋಣಿಸಿ ಬಾಯಿ ಕಟ್ಟಿರುತ್ತಾಳೆ. ಹೊಸಬರು ಯಾರು ಬಂದರೂ ಅವಳು ಹೇಳಿಕೊಡುವ ಮೊದಲ ಪಾಠವೇ ಅದು, ಕೇಬಲ್ಲನ್ನು ನಂಬಬೇಡಿ ಎಂದು. ಆದರೆ ಈ ಕೆಂಪು ಕರಿ ತಂತಿ ಅಳೆಯುವುದಲ್ಲ, ಬರೀ ಊಟ ಬಡಿಸುವುದು ಎಂದುಕೊಂಡು ಅದಕ್ಕೆ ಮಣಿ ಹಾಕಿರಲಿಲ್ಲ. ನೂರು ಹೆಜ್ಜೆಯಲ್ಲಿ ಎಂಬತ್ತೊಂಬತ್ತು ನಡೆದದ್ದು ಆ ತಂತಿ.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದು ಇದನ್ನೆಲ್ಲ ಅತ್ತೆಗೆ ಬಿಡಿಸಿ ಹೇಳಿದಳು.

“ಅಂದ್ರೆ ದುಡಿದಿದ್ದು ಒಬ್ರು, ಹೆಸರು ಬಂದಿದ್ದು ಇನ್ನೊಬ್ರಿಗೆ” ಎಂದರು ಅತ್ತೆ. “ಇದನ್ನ ಕಂಡುಹಿಡಿಯೋಕೆ ಯಂತ್ರ ಬೇಕಾಯ್ತಾ? ನಿಮ್ಮ ಮಾವ ನಲವತ್ತು ವರ್ಷ ಹಾಗೇ ಇದ್ರು.”

ಸೋಮವಾರ ಮಾಲೀಕರಿಗೆ ಹೇಳಲೇಬೇಕಾಯಿತು. ಅವರು ಕೇಳಿಸಿಕೊಂಡು, “ಹಾಗಿದ್ರೆ ಆ ತಂತೀನೂ ಸೇರಿಸಿ ಕೊಟ್ಬಿಡೋಣ” ಎಂದರು.

“ಆಗ ಅಜ್ಜಿಯರು ಗೋಡೆ ಹೊತ್ಕೊಂಡು ತಿರುಗ್ಬೇಕಾಗುತ್ತೆ ಸಾರ್.”

ಮಾಲೀಕರು ಸ್ವಲ್ಪ ಹೊತ್ತು ಆ ದಾರಿಯನ್ನೂ ಯೋಚಿಸಿದಂತೆ ಕಂಡಿತು. “ಗುರುವಾರ ನಲವತ್ತು ಹೆಜ್ಜೆ ಮುಟ್ಟಿಸು. ನೂರು ಅನ್ನೋದು ಡಬ್ಬಿ ಮೇಲೆ ಇರ್ಲಿ, ಅದರ ಬಗ್ಗೆ ಅಲ್ಲಿ ಯಾರೂ ಬಾಯಿ ಬಿಡೋದು ಬೇಡ. ನಲವತ್ತೂ ಆಗ್ಲಿಲ್ಲ ಅಂದ್ರೆ ಶುಕ್ರವಾರದಿಂದ ಪ್ಯಾಕಿಂಗು.”

ಮಂಗಳವಾರ ಕತ್ತರಿಯಕ್ಕ ಅತ್ತೆಯನ್ನೇ ಆಫೀಸಿಗೆ ಕರೆದುಕೊಂಡು ಬಂದಳು. ಮೈಯೆಂದರೆ ಮುಕ್ಕಾಲು ನೀರು, ನೀರಿಗೆ ಸಿಗ್ನಲ್ ಎಂದರೆ ಬಾಯಾರಿಕೆ. ಮೇಜಿನ ಮೇಲೆ ನೆಟ್ಟಗಿದ್ದ ಕುಳಿ ಕೊರಳಿಗೆ ಬಿದ್ದ ಕೂಡಲೇ ಪಕ್ಕಕ್ಕೆ ಜಾರುತ್ತಿತ್ತು. ಅತ್ತೆ ಕುರ್ಚಿಯಲ್ಲಿ ಕೂತರು, ಕೊರಳಲ್ಲಿ ಲಾಕೆಟ್ಟು, ಅದರಿಂದ ಮಣಿ ಪೋಣಿಸಿದ ಕೇಬಲ್ಲು ಯಂತ್ರಕ್ಕೆ. ಮೂವತ್ತು ಮಾದರಿ ಕತ್ತರಿಸಿ ಕತ್ತರಿಸಿ ಹಾಕಿ ನೋಡಿದಳು. ಅತ್ತೆ ಸುಮ್ಮನೆ ಕೂತಿದ್ದರೆ ಕುಳಿಯೂ ಸುಮ್ಮನಿರುತ್ತಿತ್ತು. ಆದರೆ ಅತ್ತೆ ತಮ್ಮ ನಾದಿನಿಯ ವಿಷಯ ತೆಗೆದಾಗ ಕುಳಿ ಪರದೆ ದಾಟಿ ಪಕ್ಕದ ಆಫೀಸಿನ ಕ್ಯಾಲ್ಕುಲೇಟರಿನಲ್ಲಿ ಕಾಣಿಸಿಕೊಂಡಿತು.

“ಅತ್ತೆ, ಒಂದು ನಿಮಿಷ ಉಸಿರು ಬಿಗಿ ಹಿಡೀರಿ.”

“ನೀನು ಈ ಮನೆಗೆ ಬಂದಾಗಿನಿಂದ ಹಿಡಿದಿದ್ದೀನಿ ಕಣೇ, ಇನ್ನೊಂದು ನಿಮಿಷ ಏನು ಮಹಾ.”

ಎಷ್ಟು ತಿದ್ದಿದರೂ ಇಪ್ಪತ್ತಾರು ಹೆಜ್ಜೆ ದಾಟಲಿಲ್ಲ. ಒಂಬತ್ತು ಮಿಲಿಮೀಟರಿನಲ್ಲಿ ಅದಕ್ಕಿಂತ ಹೆಚ್ಚು ಹುಟ್ಟುವುದಿಲ್ಲ ಎಂದು ಅವಳಿಗೆ ಖಾತ್ರಿಯಾಯಿತು. ಇನ್ನು ಆರು ಮಿಲಿಮೀಟರು ಕೊಡು ಎಂದು ಡಬ್ಬಿಯಣ್ಣನನ್ನು ಕರೆಸಿದಳು.

“ಆಗಲ್ಲಕ್ಕಾ. ಉದ್ದ ಆದ್ರೆ ಚಂದ ಕೆಡುತ್ತೆ. ಇದು ನೋಡೋಕೆ ಒಡವೆ ಥರ ಇರ್ಬೇಕು.”

“ಬಾ ಇಲ್ಲಿ ಮಗನೇ” ಎಂದರು ಅತ್ತೆ. ಗಂಟುಬಿದ್ದ ಹೆಬ್ಬೆರಳನ್ನು ಲಾಕೆಟ್ಟಿನ ಮೇಲೆ ಇಟ್ಟರು. ಲಾಕೆಟ್ಟು ಪೂರ್ತಿ ಮಾಯವಾಯಿತು. “ಈಗ ಇದರಲ್ಲಿ ಗುಂಡಿ ಎಲ್ಲಿದೆ ಹೇಳು. ನಂಗೂ ಗೊತ್ತಿಲ್ಲ, ಹೆಬ್ಬೆರಳಿಗೂ ಗೊತ್ತಿಲ್ಲ. ಶುಕ್ರವಾರ ಅರ್ಧ ಸಲ ಒತ್ತಿದ್ದು ಪ್ಲಾಸ್ಟಿಕ್ಕನ್ನ. ಕೈಗೆ ಸಿಗೋ ಹಾಗೆ ಮಾಡಪ್ಪಾ, ಬಿದ್ದೋರು ಕನ್ನಡಿ ನೋಡ್ಕೊಳ್ಳಲ್ಲ.”

ಡಬ್ಬಿಯಣ್ಣ ಸ್ಕೇಲು ತೆಗೆದು ಹೆಬ್ಬೆರಳನ್ನೇ ಅಳೆದುಕೊಂಡು ಹೋದ. ಬುಧವಾರ ಮಧ್ಯಾಹ್ನ ಮೊದಲಿಗಿಂತ ಆರು ಮಿಲಿಮೀಟರು ಉದ್ದವಾದ ಹೊಸ ಹೊದಿಕೆ ಬಂತು. ಕತ್ತರಿಯಕ್ಕ ಈ ಸಲ, ಮೈ ಕುಳಿಯನ್ನು ಎಷ್ಟು ಜಾರಿಸುತ್ತದೋ ಅಷ್ಟನ್ನು ಲೆಕ್ಕಹಾಕಿ, ಆಂಟೆನಾವನ್ನು ಬೇಕೆಂದೇ ಒಂದಿಷ್ಟು ಗಿಡ್ಡ ಮಾಡಿದಳು. ಗಾಳಿಯಲ್ಲಿ ಹಿಡಿದರೆ ಕುಳಿ ಸೊಟ್ಟ, ಕೊರಳಿಗೆ ಬಿದ್ದರೆ ನೆಟ್ಟಗೆ. ಅತ್ತೆ ಕಾರಿಡಾರಿನಲ್ಲಿ ನಡೆದರು, ಪಕ್ಕದಲ್ಲಿ ಡಬ್ಬಿಯಣ್ಣ ಎಣಿಸಿದ. ನಲವತ್ತನಾಲ್ಕು. ನಲವತ್ತೈದಕ್ಕೆ ಇಲ್ಲ.

ಗುರುವಾರ ವೃದ್ಧಾಶ್ರಮದಲ್ಲಿ ಮೇಟ್ರನ್ ಡಬ್ಬಿಯನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. ಮಿತ ಮಾತಿನ, ಬಿಳಿ ಚಪ್ಪಲಿಯ ಹೆಂಗಸು. ಮೊದಲು ಒಳಗಿನ ಕಾರಿಡಾರಿನಲ್ಲಿ ಪರೀಕ್ಷೆಯಾಯಿತು. ಕೊನೆಯ ಕೋಣೆ ಮೂವತ್ತೆಂಟನೆಯ ಹೆಜ್ಜೆ. ಗಂಟೆ ಹೊಡೆಯಿತು. ಮಾಲೀಕರು ಬೆವರೊರೆಸಿಕೊಂಡರು.

“ಚೆನ್ನಾಗಿದೆ” ಎಂದರು ಮೇಟ್ರನ್. “ನೂರು ಹೆಜ್ಜೆ ಅಂತ ಬೇರೆ ಇದೆ. ಹಿತ್ತಲಲ್ಲಿ ಮರದ ಕೆಳಗೆ ಬೆಂಚಿದೆ, ಎಪ್ಪತ್ತು ಹೆಜ್ಜೆ ಆಗಬಹುದು. ಸಂಜೆ ಎಲ್ಲರೂ ಅಲ್ಲೇ ಕೂರ್ತಾರೆ. ಅಲ್ಲಿ ಕಾಯೋಕೆ ಅಂತ ಒಬ್ಬ ಆಯಾನ ಇಟ್ಟಿದ್ದೀನಿ. ನಾಳೆಯಿಂದ ಅವಳನ್ನ ಒಳಗಿನ ಕೆಲಸಕ್ಕೆ ಹಾಕಬಹುದು.”

ಮಾಲೀಕರು ಚಾವಣಿಯ ಫ್ಯಾನನ್ನು ಪರೀಕ್ಷಿಸತೊಡಗಿದರು. ಡಬ್ಬಿಯಣ್ಣನ ಶೂ ದಾರ ಬಿಚ್ಚಿಕೊಂಡಿತು. ಕತ್ತರಿಯಕ್ಕನಿಗೆ ಕಿಟಕಿಯ ಪಕ್ಕದ ರೂಮಿನಲ್ಲಿ ರಟ್ಟಿನ ಪೆಟ್ಟಿಗೆಗಳು ಸೂರಿನವರೆಗೆ ಪೇರಿಸಿಕೊಂಡದ್ದು ಕಣ್ಣಿಗೆ ಕಟ್ಟಿತು. ಆಮೇಲೆ ಮೆಟ್ಟಿಲ ಮೇಲೆ ಒತ್ತಿ ಒತ್ತಿ ಕಾದು ತಾವೇ ಎದ್ದು ಬಂದವರ ಮುಖ ಕಂಡಿತು.

“ಆಯಾನ ತೆಗೀಬೇಡಿ ಮೇಡಂ” ಎಂದಳು. “ಇದು ಹೋಗೋದು ನಲವತ್ತನಾಲ್ಕೇ. ಡಬ್ಬಿ ಮೇಲಿರೋ ನೂರು ನಾನು ತಪ್ಪಾಗಿ ಅಳೆದಿದ್ದು. ಬೆಂಚಿನ ಹತ್ರ ಬಿದ್ರೆ ಗಂಟೆ ಹೊಡಿಯಲ್ಲ.”

ಮೇಟ್ರನ್ ಅವಳನ್ನು ನೋಡಿದರು, ಮಾಲೀಕರನ್ನು ನೋಡಿದರು. ಜೇಬಿನಿಂದ ಪೆನ್ನು ತೆಗೆದು ಡಬ್ಬಿಯ ಮೇಲಿನ ನೂರನ್ನು ಹೊಡೆದುಹಾಕಿ ನಲವತ್ತು ಎಂದು ಬರೆದರು. “ಹೀಗೆ ಅಚ್ಚು ಹಾಕಿಸ್ಕೊಂಡು ಬನ್ನಿ, ತಗೊಳ್ತೀನಿ. ಆಯಾ ಅಲ್ಲೇ ಇರ್ಲಿ. ಮುಂದೆ ಏನು ರಿಪೇರಿ ಬಂದ್ರೂ ಈ ಅಮ್ಮನ್ನೇ ಕಳಿಸಿ.”

ಹೀಗೆ ರೂಮು ಉಳಿಯಿತು. ಆದರೆ ವಾಪಸ್ಸು ಬರುವಾಗ ವ್ಯಾನಿನಲ್ಲಿ ಮಾಲೀಕರ ಮುಖ ಹರಳೆಣ್ಣೆ ಕುಡಿದವರದ್ದಾಗಿತ್ತು. ಮೂರನೆಯ ಸಿಗ್ನಲ್ ದಾಟುತ್ತಲೇ ಗಂಟಲು ಎತ್ತರಿಸಿ ಬಾಯಿ ಬಿಟ್ಟರು. ಪಕ್ಕದಲ್ಲಿ ಸ್ಕೂಟರಿನವನೊಬ್ಬ ತನಗೇ ಬೈದರೆಂದುಕೊಂಡು ಬ್ರೇಕು ಹಾಕಿದ.

“ಅಷ್ಟು ಅಚ್ಚು ಹಾಕ್ಸಿದ್ದೆಲ್ಲ ರದ್ದಿಗೆ ಹೋಯ್ತು. ನಲವತ್ತು ಮುಟ್ಟಿತ್ತು, ಆಕೆ ಚೆನ್ನಾಗಿದೆ ಅಂದಾಗಿತ್ತು. ನಿಂಗೆ ಬಾಯಿ ಮುಚ್ಕೊಂಡಿರೋಕೆ ಏನಾಗಿತ್ತಮ್ಮಾ?”

ಕತ್ತರಿಯಕ್ಕ ಕಿಟಕಿಯ ಗಾಜನ್ನು ನಿಧಾನವಾಗಿ ಏರಿಸಿದಳು.

“ಇರಬಹುದಿತ್ತು ಸಾರ್. ಆದ್ರೆ ಆ ಬೆಂಚಿನ ಹತ್ರ ಲಾಕೆಟ್ಟೂ ಬಾಯಿ ಮುಚ್ಕೊಂಡಿರುತ್ತೆ. ಆಮೇಲೆ ಯಾರು ಬಿದ್ರೂ ಕೂಗಿ ಹೇಳೋಕೆ ನಿಮ್ಮನ್ನೇ ಅಲ್ಲಿ ಕೂರಿಸ್ಬೇಕಾಗ್ತಿತ್ತು. ಎಷ್ಟು ದೂರ ಬೇಕಾದ್ರೂ ಮುಟ್ಟೋದು ನಮ್ಮ ಕಂಪನೀಲಿ ನಿಮ್ಮ ಬಾಯೊಂದೇ.”