ಕೈಗುಣದ ಲಾಲಪ್ಪ

ಶಹಾಪುರದಲ್ಲಿ ಹಳೆಯ ಅಂಬಾಸಿಡರ್ ಇಟ್ಟುಕೊಂಡವರೆಲ್ಲ ಮಹಾ ಜಿಗುಟು ಮಂದಿ. ಗಾಡಿಯನ್ನು ಹೆಂಡತಿಗೂ ಮುಟ್ಟಗೊಡುವುದಿಲ್ಲ, ಲಾಲಪ್ಪನಿಗೆ ಮಾತ್ರ ಕಣ್ಣುಮುಚ್ಚಿ ಕೊಡುತ್ತಾರೆ. ಸುರಪುರದ ಕಡೆಯಿಂದ ಬಂದು ನಲವತ್ತು ವರ್ಷ ಇಲ್ಲೇ ಗಾಲಿ ಬಿಚ್ಚಿದ ಈ ಮೇಸ್ತ್ರಿಯ ಕೈಗುಣ ಅಂಥದ್ದು. ಆ ಕೈಯ ಬೆರಳುಗಳು ಆರು ತಿಂಗಳಿಂದ ಸತ್ತಿದ್ದವು. ಸಕ್ಕರೆ ಕಾಯಿಲೆ ತಿಂದುಹಾಕಿತ್ತು. ನಟ್ಟು ಹಿಡಿದದ್ದು ಕಣ್ಣಿಗೆ ಕಂಡರೆ ಮಾತ್ರ ಅವನಿಗೆ ಗೊತ್ತು. ಹೆಂಡತಿ ಅಯ್ಯಮ್ಮನಿಗೂ ಹೇಳಿರಲಿಲ್ಲ. ಹೇಳಿದ ಮೇಲೆ ಅವನಲ್ಲಿ ಲಾಲಪ್ಪ ಅಂತ ಉಳಿಯುವುದಾದರೂ ಏನು?

ಅಮಾವಾಸ್ಯೆಯ ಮಧ್ಯಾಹ್ನ ಅಬ್ಬೆತುಮಕೂರಿನ ಮಠಕ್ಕೆ ಹೊರಟ ಕಾಳಿನ ವ್ಯಾಪಾರಿ ಲಿಂಗಣ್ಣ ಮನೆಮಂದಿಯನ್ನು ಕೂರಿಸಿಕೊಂಡೇ ಗಾಡಿ ತಂದ. ಮುಂದಿನ ಎಡಗಾಲಿ ಕಟಕಟ ಅನ್ನುತ್ತಿತ್ತು. ಲಾಲಪ್ಪ ಜಾಕ್ ಏರಿಸಿ, ಗಾಲಿಯನ್ನು ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲುಗಿಸಿದ. ಅಲುಗಾಟ ಕಣ್ಣಿಗೇ ಕಾಣುತ್ತಿತ್ತು. ಲಿಂಗಣ್ಣ ಬ್ರೇಕ್ ತುಳಿದಾಗ ನಿಂತಿತು.

"ಬ್ರೇಕಿಗೆ ನಿಂತದಂದ್ರ ಬೇರಿಂಗ್ ಸಡ್ಲ ಆಗ್ಯಾವ್ರಿ. ಬ್ಯಾರೆ ರೋಗ ಇಲ್ಲ."

ಬೇರಿಂಗ್ ತೊಳೆದು, ಗ್ರೀಸ್ ತುಂಬಿ, ಗಾಲಿ ತಿರುಗಿಸುತ್ತ ನಟ್ಟು ಬಿಗಿದ. ಇನ್ನು ತುಸು ಸಡಿಲಿಸಿ, ಕೂದಲೆಳೆಯಷ್ಟು ಆಟ ಬಿಟ್ಟು, ನಟ್ಟು ಜರುಗದಂತೆ ಪಿನ್ನು ಹಾಕಬೇಕು. ಗೇಜು ಗೀಜು ಅವನು ಎಂದೂ ಇಟ್ಟವನಲ್ಲ, ಆ ಕೂದಲೆಳೆ ಬೆರಳಿಗೇ ತಿಳಿಯಬೇಕು. ಬೆರಳು ಏನೂ ಹೇಳಲಿಲ್ಲ. ಪಿನ್ನು ತೂರಿಸುವ ತೂತುಗಳೂ ಒಂದಕ್ಕೊಂದು ಕೂಡಲಿಲ್ಲ. ಹೀಗಾದಾಗ ನಟ್ಟನ್ನು ಹಿಂದಕ್ಕೇ ತಿರುಗಿಸಬೇಕು, ಬಿಗಿ ಹೆಚ್ಚಾದರೆ ಬೇರಿಂಗ್ ಕಾದು ಸುಡುತ್ತದೆ ಎಂದು ಎಷ್ಟೋ ಮಂದಿಗೆ ಬೈದು ಕಲಿಸಿದವನು, ಗಾಲಿ ಕಳಚೀತೆಂಬ ಭಯಕ್ಕೆ ಮುಂದಕ್ಕೆ ತಿರುಗಿಸಿ ಪಿನ್ನು ಹೊಡೆದ.

ಮತ್ತೆ ಬಿಚ್ಚೋಣವೆಂದು ಪಾನಾ ಎತ್ತುವಷ್ಟರಲ್ಲಿ ಲಿಂಗಣ್ಣನ ತಾಯಿ ಗೊಲ್ಲಾಳಮ್ಮ ಗಾಲಿಗೆ ವಿಭೂತಿ ಹಚ್ಚಿ ಕಾಯಿ ಒಡೆದಾಗಿತ್ತು. ಪೂಜೆಯಾದ ಗಾಲಿಯನ್ನು ಮಠ ಮುಟ್ಟುವ ತನಕ ಬಿಚ್ಚಬಾರದೆಂಬುದು ಆ ಮನೆಯ ನೇಮ. ಬೆರಳು ಸತ್ತಿವೆ ಎಂದು ಒಂದು ಮಾತು ಹೇಳಿದ್ದರೆ ಮುದುಕಿ ನೇಮವನ್ನು ಬದಿಗಿಡುತ್ತಿದ್ದಳು. ನಾಚಿಕೆಗೇಡಿ ಮನುಷ್ಯ, ವಿಭೂತಿಯ ನೆವ ಹಿಡಿದು ಪಾನಾ ಕೆಳಗಿಟ್ಟ.

"ನೀನೂ ಬಾ ಅಬ್ಬೆತುಮಕೂರಿಗೆ," ಎಂದು ಲಿಂಗಣ್ಣ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡ. ಹಿಂದೆ ಗೊಲ್ಲಾಳಮ್ಮ, ಮೊಮ್ಮಗಳು ಉಮಾಶ್ರೀ, ಅವಳ ಮಡಿಲಲ್ಲಿ ಮೂರು ತಿಂಗಳ ಕೂಸು.

ದೋರನಹಳ್ಳಿ ದಾಟುತ್ತಲೇ ಎಡಗಾಲಿ ಗುಂಯ್ ಎನ್ನತೊಡಗಿತು. ಹಿಂದಿನವರು ಕೂಸಿನ ಜೊತೆ ನಗುತ್ತಿದ್ದರು. ಲಾಲಪ್ಪ ಕಿವಿಯಾಗಿ ಕೂತಿದ್ದ. ಗುಂಯ್ ಹೋಗಿ ಗರಗರ ಬಂತು, ಆಮೇಲೆ ಗ್ರೀಸು ಸುಟ್ಟ ವಾಸನೆ. ಮುಂದೆ ಭೀಮಾ ನದಿಯ ಸೇತುವೆ ಕಾಣಿಸಿತು.

"ನಿಲ್ಲಸ್ರಿ! ಬ್ರಿಡ್ಜ್ ಹತ್ತಸಬ್ಯಾಡ್ರಿ!"

ಇಳಿದವನೇ ನಲವತ್ತು ವರ್ಷದ ರೂಢಿಯಂತೆ ಗಾಲಿಯ ನಡುವಿಗೆ ಅಂಗೈ ಒತ್ತಿದ.

"ಬಿಸಿ ಅದೇನು?" ಲಿಂಗಣ್ಣ ಕೇಳಿದ.

"ಇಲ್ರಿ, ತಣ್ಣಗದ."

ಉಮಾಶ್ರೀ ಚೀರಿದಳು. ಅವನ ಅಂಗೈಯ ತೊಗಲು ಸುಟ್ಟು ಹೊಗೆಯಾಡುತ್ತಿತ್ತು. ಗೊಲ್ಲಾಳಮ್ಮ ಕೈ ಹಿಡಿದು ಕಿತ್ತೆಳೆದಳು. "ಗೊತ್ತಾಗಲಿಲ್ಲೇನೋ ನಿನಗ?"

"ಇಲ್ಲವ್ವಾ. ಆರು ತಿಂಗಳಾತು, ಕೈಗಿ ಏನೂ ಗೊತ್ತಾಗವಲ್ದು."

ಲಿಂಗಣ್ಣ ಬೈಯುವುದನ್ನೂ ಮರೆತ. ಮೆಲ್ಲಗೆ ಕೇಳಿದ: "ಆರು ತಿಂಗಳಾಗ ಇನ್ನ ಯಾರ್ಯಾರ ಗಾಲಿ ಬಿಗದೀದಿ?"

ಲಾಲಪ್ಪನಿಗೆ ಒಂದೊಂದೇ ಗಾಡಿ ನೆನಪಾಯಿತು. ಫೋನು ತೆಗೆದು ಉಮಾಶ್ರೀಯ ಕೈಗೆ ಕೊಟ್ಟ.

"ಮೊದಲ ಸಾಯಿಕುಮಾರಗ ಹಚ್ಚವ್ವಾ, ಸಾಲಿ ಜೀಪು ಓಡಸ್ತಾನ. ಇವತ್ತ ಮುಂಜಾನಿ ಬಿಗದೀನಿ. ಹುಡುಗೂರನ್ನ ಹತ್ತಿಸ್ಕೊಳ್ಳೋ ಹೊತ್ತಾತು."